ಗಾಡಿ ಕೆಳಗಿನ ಸ್ಟೆಪ್ನಿ ಭದ್ರವಾಗಿ ಕೂತಿದೆಯಾ?

ಪ್ರಶ್ನೆ: ನಮ್ಮದು ಏಳು ಸೀಟಿನ ಎಸ್‌ಯುವಿ. ಸ್ಟೆಪ್ನಿ ಹಿಂದುಗಡೆ ಚಾಸಿ ಕೆಳಗೆ, ಕೇಬಲ್‌ನಲ್ಲಿ ಇದೆ. ಹೋದ ತಿಂಗಳು ಪಂಕ್ಚರ್ ಆದಾಗ ಅದನ್ನು ಇಳಿಸಿ, ಕೆಲಸ ಮುಗಿದ ಮೇಲೆ ನಾವೇ ಮತ್ತೆ ಏರಿಸಿದೆವು. ಅಲ್ಲಿಂದ ಹಂಪ್ ದಾಟಿದಾಗಲೆಲ್ಲ ಹಿಂದಿನಿಂದ ದಡ್ ಅಂತ ಸದ್ದು ಬರುತ್ತಿದೆ. ಓಡುವಾಗ ಟೈರ್ ಕಳಚಿ ಬಿದ್ದರೆ ಅಂತ ಭಯ. ಕೇಬಲ್ ಜೊತೆಗೆ ಒಂದು ಚೈನ್ ಕೂಡ ಕಟ್ಟಿಬಿಡಲಾ?

ಉತ್ತರ: ಚೈನ್ ವಿಷಯ ಆಮೇಲೆ. ಮೊದಲು ಆ ಸದ್ದು ಯಾಕೆ ಅಂತ ನೋಡಿ, ಅದೂ ಇವತ್ತೇ. ಸರಿಯಾಗಿ ಕೂತ ಸ್ಟೆಪ್ನಿ ಸದ್ದು ಮಾಡುವುದಿಲ್ಲ. ಸದ್ದು ಅಲ್ಲಿಂದಲೇ ಬರುತ್ತಿದ್ದರೆ ಟೈರ್ ಅಲ್ಲಾಡುತ್ತಿದೆ ಅಂತ ಅರ್ಥ.

ತುಂಬಾ ಜನ ಕೇಬಲ್ ಇರುವುದು ಟೈರನ್ನು ನೇತುಹಾಕುವುದಕ್ಕೆ ಅಂದುಕೊಂಡಿದ್ದಾರೆ. ಹಾಗಲ್ಲ. ಅದು ಟೈರನ್ನು ಮೇಲಕ್ಕೆ ಎಳೆದು ಚಾಸಿಗೆ ಒತ್ತಿ ಹಿಡಿಯಬೇಕು. ಹಾಗೆ ಒತ್ತಿ ಕೂತಾಗ ಟೈರೂ ಚಾಸಿಯೂ ಒಂದೇ ತುಂಡಿನಂತೆ ಕುಲುಕುತ್ತವೆ, ಕೇಬಲ್‌ಗೆ ಬೇರೆ ಪೆಟ್ಟು ಬೀಳುವುದಿಲ್ಲ. ಒಂದೆರಡು ಬೆರಳಿನಷ್ಟು ಸಡಿಲ ಬಿಟ್ಟರೂ ಕಥೆ ಬೇರೆ. ಎಸ್‌ಯುವಿಯ ಚಕ್ರ 20 ಕೆ.ಜಿ.ಗೂ ಜಾಸ್ತಿ ತೂಗುತ್ತದೆ. ಪ್ರತಿ ಹಳ್ಳದಲ್ಲೂ ಅಷ್ಟು ಭಾರ ಎದ್ದು ಕೇಬಲ್ ಮೇಲೆ ಬೀಳುತ್ತದೆ. ಕೇಬಲ್‌ನ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಮೇಲೆ ಕೇಬಲ್ ಸುತ್ತಿಕೊಳ್ಳುವ ವಿಂಚಿನ ಹಲ್ಲುಗಳೂ ಸವೆಯುತ್ತವೆ.

ಏರಿಸುವಾಗ ತಪ್ಪು ಆಗುವುದು ಸಾಮಾನ್ಯವಾಗಿ ಎರಡು ಕಡೆ. ಕೇಬಲ್ ತುದಿಯಲ್ಲಿ ಒಂದು ಸಣ್ಣ ಕಬ್ಬಿಣದ ತಟ್ಟೆ ಇರುತ್ತದೆ, ನೋಡಿರುತ್ತೀರಿ. ಅದನ್ನು ಓರೆ ಮಾಡಿ ಚಕ್ರದ ಡಿಸ್ಕಿನ ನಡುವಿನ ತೂತಿನಲ್ಲಿ ತೂರಿಸಿ, ಕೆಳಗಡೆ ನೇರವಾಗಿ ಅಡ್ಡ ನಿಲ್ಲಿಸಬೇಕು. ಅವಸರದಲ್ಲಿ ಅದು ಓರೆಯಾಗಿಯೇ ಸಿಕ್ಕಿಕೊಂಡಿರುತ್ತದೆ. ವಿಂಚಿಗೆ ಹಾಕುವ ರಾಡ್ ತಿರುಗಿಸಿದಾಗ ಬಿಗಿಯಾದ ಹಾಗೇ ಅನ್ನಿಸುತ್ತದೆ. ನಾಲ್ಕು ಹಳ್ಳ ದಾಟಿದ ಮೇಲೆ ತಟ್ಟೆ ಜಾರಿ ತನ್ನ ಜಾಗಕ್ಕೆ ಬರುತ್ತದೆ, ಟೈರ್ ಸಡಿಲವಾಗುತ್ತದೆ. ನಿಮ್ಮ ಗಾಡಿಯಲ್ಲಿ ಇದೇ ಆಗಿರಬಹುದು. ಹಾಗಾಗಿ ಟೈರ್ ನೆಲ ಬಿಟ್ಟು ಗೇಣು ಮೇಲೆ ಬಂದ ಕೂಡಲೇ ನಿಲ್ಲಿಸಿ. ತಟ್ಟೆ ನಡುವಿನಲ್ಲಿದೆಯಾ, ಟೈರ್ ಮಟ್ಟವಾಗಿದೆಯಾ ನೋಡಿ. ಆಮೇಲೆ ಮುಂದುವರಿಸಿ.

ಎರಡನೆಯದು ಕೊನೆಯ ಬಿಗಿತ. ಟೈರ್ ಚಾಸಿಗೆ ತಾಗಿದ ತಕ್ಷಣ ರಾಡ್ ಭಾರ ಅನ್ನಿಸುತ್ತದೆ, ಅಲ್ಲಿಗೆ ಬಿಡುವವರೇ ಹೆಚ್ಚು. ಅಲ್ಲಿ ಬಿಡಬೇಡಿ. ಎಷ್ಟೋ ಗಾಡಿಗಳ ವಿಂಚಿನಲ್ಲಿ ಕ್ಲಚ್ ಇರುತ್ತದೆ. ಪೂರ್ತಿ ಬಿಗಿಯಾದಾಗ ಟಕ್ ಅಂತ ಸದ್ದು ಬಂದು ರಾಡ್ ಜಾರಿದಂತಾಗುತ್ತದೆ. ಎರಡು ಸಲ ಟಕ್ ಅನ್ನುವವರೆಗೆ ತಿರುಗಿಸಿ. ಕ್ಲಚ್ ಇಲ್ಲದ ಗಾಡಿಯಾದರೆ ಎಷ್ಟು ಬಿಗಿ ಮಾಡಬೇಕು ಅಂತ ಗಾಡಿ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತಾರೆ. ಇದನ್ನು ಕೈಯಲ್ಲೇ ಮಾಡಿ. ಗ್ಯಾರೇಜಿನ ಗಾಳಿ ಗನ್ ಹಚ್ಚಿದರೆ ಕ್ಲಚ್ ಹಾಳಾಗುತ್ತದೆ, ಗನ್ ಹಿಡಿದವರಿಗೆ ಅದು ಗೊತ್ತೂ ಆಗುವುದಿಲ್ಲ. ಬಿಗಿ ಮಾಡಿದ ಮೇಲೆ ಟೈರನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯಿರಿ, ತಳ್ಳಿ, ತಿರುಗಿಸಲು ನೋಡಿ. ಒಂಚೂರೂ ಕದಲಬಾರದು. ಸ್ವಲ್ಪ ದೂರ ಓಡಿಸಿ ಬಂದು ಇನ್ನೊಮ್ಮೆ ಹೀಗೇ ನೋಡಿ.

ಪಂಕ್ಚರ್ ಆದ ಟೈರನ್ನೇ ಕೆಳಗೆ ಕಟ್ಟಿದಾಗ ಈ ಎರಡನೇ ಸಲದ ಪರೀಕ್ಷೆ ಇನ್ನೂ ಮುಖ್ಯ. ಗಾಳಿ ಇಲ್ಲದ ಟೈರ್ ಮೆತ್ತಗೆ ಒಳಗೆ ಒತ್ತಿಕೊಳ್ಳುತ್ತದೆ, ಬಿಗಿ ನಿಲ್ಲುವುದಿಲ್ಲ. ಅಲಾಯ್ ಚಕ್ರವಾದರೆ ನಡುವಿನ ಮುಚ್ಚಳ ತೆಗೆಯದೆ ತಟ್ಟೆ ತೂರುವುದೇ ಇಲ್ಲ. ತೆಗೆದ ಮೇಲೂ ತಟ್ಟೆ ಸರಿಯಾಗಿ ಕೂರದಿದ್ದರೆ ಸುಮ್ನೆ ಒಳಗೆ ಹಾಕಿ, ಉರುಳದಂತೆ ಕಟ್ಟಿಕೊಂಡು ಬನ್ನಿ. ಕೆಳಗೆ ಅರ್ಧಂಬರ್ಧ ಕಟ್ಟುವುದಕ್ಕಿಂತ ಅದು ಎಷ್ಟೋ ವಾಸಿ.

ಈಗ ಚೈನ್. ಟೈರ್ ಸಡಿಲ ಇದ್ದಾಗ ಚೈನ್ ಕಟ್ಟಿದರೆ ಟೈರ್ ರಸ್ತೆಗೆ ಬೀಳದೆ ಉಳಿಯಬಹುದು. ಆದರೆ ಕುಲುಕಾಟ ನಿಲ್ಲುವುದಿಲ್ಲ, ಕೇಬಲ್ ಸವೆಯುವುದೂ ನಿಲ್ಲುವುದಿಲ್ಲ. ಮೊದಲು ಬಿಗಿ ಮಾಡಿ, ಆಮೇಲೆ ಬೇಕಿದ್ದರೆ ಚೈನ್ ಹಾಕಿ. ಅದನ್ನು ಡಿಸ್ಕಿನ ತೂತಿನಿಂದ ತಂದು ಚಾಸಿಯ ಅಡ್ಡಪಟ್ಟಿಗೆ ಸುತ್ತಿ. ಬ್ರೇಕ್ ಪೈಪ್, ವೈರ್, ಸೈಲೆನ್ಸರ್ ಇವುಗಳಿಗೆ ಸುತ್ತುವುದಿರಲಿ, ತಾಗಲೂ ಬಾರದು. ಜೋತಾಡುವ ಚೈನ್ ಬ್ರೇಕ್ ಪೈಪನ್ನು ಉಜ್ಜಿ ತೂತು ಮಾಡಿದರೆ ಟೈರ್ ಬೀಳುವುದಕ್ಕಿಂತ ದೊಡ್ಡ ಅಪಾಯ.

ಕೇಬಲನ್ನೂ ಒಮ್ಮೆ ಪೂರ್ತಿ ಇಳಿಸಿ ನೋಡಿಬಿಡಿ. ಎಳೆ ಬಿಚ್ಚಿದೆಯಾ, ಮಡಚಿದೆಯಾ, ತುದಿಯ ತಟ್ಟೆ ತುಕ್ಕು ತಿಂದು ತೆಳ್ಳಗಾಗಿದೆಯಾ? ಒಂದು ಎಳೆ ಕಡಿದಿದ್ದರೂ ಬದಲಾಯಿಸಿ. ಖಾಲಿ ಕೇಬಲ್ ಮೇಲೆ ಸುತ್ತುವಾಗ ಕೆಳಗಿನಿಂದ ಕೈಯಲ್ಲಿ ಎಳೆದು ಹಿಡಿದುಕೊಳ್ಳಿ. ಸಡಿಲವಾಗಿ ಸುತ್ತಿಕೊಂಡರೆ ಒಳಗೆ ಗಂಟಾಗುತ್ತದೆ, ಮುಂದಿನ ಸಲ ಇಳಿಯುವುದೇ ಇಲ್ಲ. ಹಾಗೆ ಅರ್ಧಕ್ಕೆ ನಿಂತ ಟೈರ್ ಕೆಳಗೆ ಮಲಗಿ ಎಳೆಯಲು ಹೋಗಬೇಡಿ. ಕೆಲವು ಗಾಡಿಗಳಲ್ಲಿ ಕೇಬಲ್ ಕಡಿದರೂ ಟೈರ್ ಬೀಳದಂತೆ ತಡೆಯುವ ಎರಡನೇ ಕೊಕ್ಕೆ ಇರುತ್ತದೆ. ಅದು ಹಿಡಿದುಕೊಂಡಿದ್ದರೆ ಸುಮ್ಮನೆ ರಾಡ್ ತಿರುಗಿಸಿ ಪ್ರಯೋಜನವಿಲ್ಲ. ಬಿಡಿಸುವ ಕ್ರಮ ಪುಸ್ತಕದಲ್ಲಿರುತ್ತದೆ, ಧೈರ್ಯ ಬರದಿದ್ದರೆ ಮೆಕ್ಯಾನಿಕ್‌ಗೆ ಬಿಡಿ.

ಪ್ರಶ್ನೆ: ನಮ್ಮ ಪಿಕಪ್‌ನ ಸ್ಟೆಪ್ನಿ ಕಳುವಾಗಿದೆ. ಹೊಸದಕ್ಕೆ ಯಾವ ಬೀಗ ಹಾಕಲಿ?

ಉತ್ತರ: ರಾಡ್ ಹಾಕುವ ತೂತಿಗೆ ಬೀಗ ಬರುತ್ತದೆ. ಕಳ್ಳರು ರಾಡ್ ಹಾಕಿ ಇಳಿಸುವುದನ್ನು ಅದು ತಡೆಯುತ್ತದೆ. ಆದರೆ ಕಟರ್ ತಂದವರು ಕೇಬಲ್ಲನ್ನೇ ಕತ್ತರಿಸುತ್ತಾರೆ. ಅದಕ್ಕೆ ಡಿಸ್ಕನ್ನು ಕೆಳಗಿನಿಂದ ಹಿಡಿಯುವ ಬೀಗ ಅಥವಾ ಗಟ್ಟಿ ಉಕ್ಕಿನ ಚೈನ್ ಬೇಕು. ಎರಡೂ ಇದ್ದರೆ ಒಳ್ಳೆಯದು. ಕಷ್ಟ ಏನೆಂದರೆ, ಆ ಬೀಗಗಳಿರುವುದು ಕೆಸರು ಎರಚುವ ಜಾಗದಲ್ಲಿ. ಎರಡು ಮೂರು ತಿಂಗಳಿಗೊಮ್ಮೆ ತೆಗೆದು ಎಣ್ಣೆ ಬಿಡದಿದ್ದರೆ ಕಳ್ಳರಿಗೂ ಬರುವುದಿಲ್ಲ, ನಿಮಗೂ ಬರುವುದಿಲ್ಲ. ಕೀ ಯಾವಾಗಲೂ ಗಾಡಿಯಲ್ಲೇ, ಜಾಕ್ ಜೊತೆ ಇರಲಿ.

ಪ್ರಶ್ನೆ: ಸ್ಟೆಪ್ನಿ ಒಮ್ಮೆಯೂ ಬಳಸಿಲ್ಲ. ಹೊಸದರ ಹಾಗೇ ಇದೆ ಅಂತ ನಂಬಬಹುದಾ?

ಉತ್ತರ: ಟೈರ್ ಮೇಲಿನ ಉಬ್ಬುಗಳು ಸವೆದಿಲ್ಲ ಅಂದರೆ ಹೊಸದು ಅಂತಲ್ಲ. ಟೈರಿನ ಪಕ್ಕದಲ್ಲಿ DOT (ಡಾಟ್) ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಅಂಕಿ ಒಳಬದಿಯಲ್ಲಿ ಇರಬಹುದು, ಇಳಿಸಿಯೇ ನೋಡಬೇಕು. 10 ವರ್ಷ ದಾಟಿದ್ದರೆ ಬದಲಾಯಿಸಿ. ಪಕ್ಕದಲ್ಲಿ ಬಿರುಕು ಕಂಡರೆ ಅಷ್ಟು ಕಾಯುವುದೂ ಬೇಡ. ಸೈಲೆನ್ಸರ್ ಹತ್ತಿರ ಇರುವ ಟೈರಿಗೆ ಕಾವು ಬೇರೆ ತಾಗುತ್ತಿರುತ್ತದೆ. ಬಳಸದೆ ಇಟ್ಟರೂ ಗಾಳಿ ನಿಧಾನವಾಗಿ ಇಳಿಯುತ್ತದೆ, ಉಳಿದ ನಾಲ್ಕಕ್ಕೆ ಗಾಳಿ ನೋಡುವಾಗ ಇದಕ್ಕೂ ನೋಡಿಸಿ. ಕಟ್ಟಿರುವ ರೀತಿಯಿಂದ ವಾಲ್ವ್ ಕೈಗೆ ಸಿಗದಿದ್ದರೆ ಉದ್ದದ ವಾಲ್ವ್ ಪೈಪ್ ಹಾಕಿಸಿ, ಟೈರನ್ನು ತಿರುಗಿಸಿ ಕಟ್ಟಬೇಡಿ. ಯಾವ ಮುಖ ಕೆಳಗೆ ಬರಬೇಕು ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ಅದು ತಪ್ಪಿದರೆ ತಟ್ಟೆ ಸರಿಯಾಗಿ ಕೂರದೆ ಟೈರ್ ಬಿಗಿಯಾಗದೇ ಹೋಗಬಹುದು.