ಐದು ಸಾವಿರ ಮಕ್ಕಳ ಹೈಸ್ಕೂಲಿನಲ್ಲಿ ನಮ್ಮ ಮಗಳು

ಪ್ರಶ್ನೆ: ನಮ್ಮ ಯಜಮಾನರಿಗೆ ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ, ಡಲ್ಲಾಸ್ ನಗರದ ಉತ್ತರಕ್ಕಿರುವ ಅಲೆನ್ ಎಂಬ ಊರಿಗೆ ವರ್ಗವಾಗಿದೆ. ಮಗಳು ಈ ಸಲ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ಅಲ್ಲಿನ ಸರ್ಕಾರಿ ಹೈಸ್ಕೂಲಿನಲ್ಲಿ ಐದು ಸಾವಿರ ಮಕ್ಕಳಿದ್ದಾರೆಂದು ಕೇಳಿ ಭಯವಾಗಿದೆ. ಅಷ್ಟು ಜನರ ನಡುವೆ ಇವಳನ್ನು ಗಮನಿಸುವವರು ಯಾರು? ಖಾಸಗಿ ಶಾಲೆಯೇ ಮೇಲೇ? ಇಲ್ಲಿಂದ ಏನೇನು ಸಿದ್ಧಪಡಿಸಿಕೊಂಡು ಹೋಗಬೇಕು?
— ಒಬ್ಬ ತಾಯಿ, ಹಾಸನ

ಉತ್ತರ: ‘ಸರ್ಕಾರಿ ಶಾಲೆ’ ಎಂದೊಡನೆ ನಮ್ಮಲ್ಲಿ ಮೂಡುವ ಚಿತ್ರವನ್ನು ಮೊದಲು ಬದಿಗಿಡಿ. ಅಲೆನ್ ಹೈಸ್ಕೂಲನ್ನು ನಡೆಸುವುದು ರಾಜ್ಯದ ಇಲಾಖೆಯೂ ಅಲ್ಲ, ನಗರಸಭೆಯೂ ಅಲ್ಲ. ಊರಿನವರೇ ಚುನಾಯಿಸಿದ ಮಂಡಳಿಯಿರುವ ಸ್ವತಂತ್ರ ಶಾಲಾ ಡಿಸ್ಟ್ರಿಕ್ಟ್, ಎಂದರೆ ಶಾಲೆಗಳ ಆಡಳಿತಕ್ಕೆಂದೇ ಇರುವ ಸ್ಥಳೀಯ ಘಟಕ. ಖರ್ಚಿನ ಬಹುಪಾಲು ಮನೆ ಮತ್ತು ನಿವೇಶನಗಳ ಮೇಲಿನ ತೆರಿಗೆಯಿಂದ ಬರುತ್ತದೆ. ಆದ್ದರಿಂದಲೇ ಸ್ಥಿತಿವಂತರ ಉಪನಗರಗಳ ಶಾಲೆಗಳಿಗೂ ಬಡ ಬಡಾವಣೆಗಳ ಶಾಲೆಗಳಿಗೂ ಅಜಗಜಾಂತರ. ಈ ತಾರತಮ್ಯವನ್ನು ಪ್ರಶ್ನಿಸಿ ಅದೇ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದ ಪಾಲಕರು ಹೂಡಿದ ಮೊಕದ್ದಮೆಯಲ್ಲಿ, ಇಂಥ ವ್ಯವಸ್ಥೆ ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಸುಪ್ರೀಂ ಕೋರ್ಟು 1973ರಲ್ಲಿ ತೀರ್ಪಿತ್ತಿತು. ಶ್ರೀಮಂತ ಡಿಸ್ಟ್ರಿಕ್ಟ್‌ಗಳ ತೆರಿಗೆಯ ಒಂದು ಭಾಗವನ್ನು ಬಡ ಡಿಸ್ಟ್ರಿಕ್ಟ್‌ಗಳಿಗೆ ಹಂಚುವ ಕಾನೂನನ್ನು ಟೆಕ್ಸಸ್ 1993ರಲ್ಲಿ ತಂದಿತಾದರೂ ಅಂತರ ಅಳಿದಿಲ್ಲ, ಮತ್ತು ಇದು ನ್ಯಾಯವೆಂದು ನನಗೆ ಇಂದಿಗೂ ಅನ್ನಿಸಿಲ್ಲ. ನೀವು ಹೋಗುತ್ತಿರುವುದು ಅನುಕೂಲವಂತರ ಕಡೆಗೆ. ಅಲ್ಲಿನ ಮತದಾರರು 2009ರಲ್ಲಿ ಬಾಂಡ್‌ಗೆ, ಅಂದರೆ ಡಿಸ್ಟ್ರಿಕ್ಟ್ ಸಾಲ ಎತ್ತುವುದಕ್ಕೆ, ಒಪ್ಪಿಗೆಯಿತ್ತು, ಸುಮಾರು 6 ಕೋಟಿ ಡಾಲರ್ ವೆಚ್ಚದಲ್ಲಿ 18,000 ಆಸನಗಳ ಅಮೆರಿಕನ್ ಫುಟ್‌ಬಾಲ್ ಕ್ರೀಡಾಂಗಣವನ್ನೇ ಈ ಶಾಲೆಗೆ ಕಟ್ಟಿಸಿಕೊಟ್ಟರು. 2012ರಲ್ಲಿ ತೆರೆದ ಅದು ಕಾಂಕ್ರೀಟ್ ಬಿರುಕು ಬಿಟ್ಟು 2014ರಲ್ಲಿ ಮುಚ್ಚಿ, ಮರುವರ್ಷ ದುರಸ್ತಿಯಾಗಿ ತೆರೆಯಿತು.

ಊರಿಗೆಲ್ಲ ಒಂದೇ ಹೈಸ್ಕೂಲು ಇರಲಿ ಎಂದು ಜನ ಇಚ್ಛಿಸಿದ್ದರಿಂದ ಶಾಲೆ ಇಷ್ಟು ದೊಡ್ಡದಾಗಿದೆ. ಒಂಬತ್ತನೆಯ ತರಗತಿ ಬೇರೆ ಕಟ್ಟಡದಲ್ಲಿದೆ. ಮುಖ್ಯ ಕಟ್ಟಡದಲ್ಲಿರುವುದು ಹತ್ತರಿಂದ ಹನ್ನೆರಡರವರೆಗಿನವರು. ನಿಮ್ಮ ಮಗಳು ನೇರವಾಗಿ ಈ ದೊಡ್ಡ ಕಟ್ಟಡಕ್ಕೇ ಹೋಗುವ ಸಂಭವ ಹೆಚ್ಚು. ನಮ್ಮಲ್ಲಿರುವಂತೆ ಒಂದು ಸೆಕ್ಷನ್, ಒಬ್ಬ ಕ್ಲಾಸ್ ಟೀಚರ್, ವರ್ಷವಿಡೀ ಅದೇ ಬೆಂಚು ಎಂಬುದು ಅಲ್ಲಿಲ್ಲ. ಶಿಕ್ಷಕರು ತಮ್ಮ ಕೊಠಡಿಯಲ್ಲಿರುತ್ತಾರೆ, ಮಕ್ಕಳೇ ಗಂಟೆಗೊಂದು ಕೊಠಡಿಗೆ ಓಡಾಡುತ್ತಾರೆ. ಪ್ರತಿಯೊಬ್ಬರ ವೇಳಾಪಟ್ಟಿಯೂ ಬೇರೆಯಾದ್ದರಿಂದ ಗಣಿತದ ತರಗತಿಯಲ್ಲಿ ಪಕ್ಕದಲ್ಲಿ ಕೂತ ಹುಡುಗಿ ಇಂಗ್ಲಿಷ್ ತರಗತಿಯಲ್ಲಿ ಕಾಣದೇ ಇರಬಹುದು. ಹೊಸಬರನ್ನು ಕಾಡುವುದು ಪಾಠದ ಕಷ್ಟಕ್ಕಿಂತ ಹೆಚ್ಚಾಗಿ ಈ ಚದುರುವಿಕೆ, ಅದರಲ್ಲೂ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಯಾರೊಂದಿಗೆ ಕೂರುವುದೆಂಬ ಚಿಂತೆ. ಇದಕ್ಕೆ ನಾನು ಕಂಡ ಪರಿಹಾರ ಒಂದೇ: ಬ್ಯಾಂಡ್, ಆರ್ಕೆಸ್ಟ್ರಾ, ನಾಟಕ, ಚರ್ಚಾಸ್ಪರ್ಧೆ, ರೋಬೋಟಿಕ್ಸ್, ಯಾವುದಾದರೂ ಸರಿ, ದಿನವೂ ಅದೇ ಮುಖಗಳು ಸಿಗುವ ಒಂದು ತಂಡಕ್ಕೆ ಅವಳು ಮೊದಲ ವಾರದಲ್ಲಿಯೇ ಸೇರಬೇಕು. ಸಣ್ಣ ಶಾಲೆಯಲ್ಲಿ ಇಷ್ಟೊಂದು ಆಯ್ಕೆಗಳಿರುವುದಿಲ್ಲ. ದೊಡ್ಡ ಶಾಲೆಯ ನಿಜವಾದ ಲಾಭವೇ ಇದು.

ಗಮನಿಸುವವರು ಯಾರೆಂದು ಕೇಳಿದ್ದೀರಿ. ಅವರೇ ಕೌನ್ಸಿಲರ್, ಅಂದರೆ ವಿಷಯಗಳ ಆಯ್ಕೆ ಮೊದಲಾದವುಗಳಲ್ಲಿ ಮಕ್ಕಳಿಗೆ ದಾರಿ ತೋರುವ ಶಾಲೆಯ ಸಲಹೆಗಾರರು. ಇಂಥ ಶಾಲೆಗಳಲ್ಲಿ ಸಾಮಾನ್ಯವಾಗಿ ಮಕ್ಕಳನ್ನು ಸರ್‌ನೇಮಿನ ಮೊದಲ ಅಕ್ಷರದ ಪ್ರಕಾರ ಕೌನ್ಸಿಲರುಗಳಿಗೆ ಹಂಚುತ್ತಾರೆ. ಒಬ್ಬರಿಗೆ 250 ಮಕ್ಕಳಿಗಿಂತ ಹೆಚ್ಚಿರಬಾರದೆಂದು ಅವರದೇ ರಾಷ್ಟ್ರೀಯ ಸಂಘ ಹೇಳಿದರೂ ವಾಸ್ತವದಲ್ಲಿ ಸಂಖ್ಯೆ ಅದನ್ನು ಮೀರುವುದೇ ಹೆಚ್ಚು. ಆದಕಾರಣ ಅವರು ಕರೆಯಲಿ ಎಂದು ಕಾಯಬೇಡಿ. ಮುಂದಿನ ವರ್ಷದ ವಿಷಯಗಳ ಆಯ್ಕೆ ಹಿಂದಿನ ಚಳಿಗಾಲದಲ್ಲೇ ಮುಗಿದಿರುತ್ತದೆ. ಆಗಸ್ಟಿನಲ್ಲಿ ಶಾಲೆ ಆರಂಭವಾಗುವಾಗ ತಲುಪಿದವರಿಗೆ ಉಳಿದ ಜಾಗಗಳಷ್ಟೇ ಸಿಗುತ್ತವೆ. ಮನೆ ಬಾಡಿಗೆಯ ಕರಾರು ಕೈಗೆ ಬಂದ ದಿನವೇ ದಾಖಲಾತಿ ಆರಂಭಿಸಿ.

ಸಿದ್ಧತೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ನಮ್ಮವರು ಮರೆಯುವ ಒಂದು ಕಾಗದ: ಒಂಬತ್ತನೆಯ ತರಗತಿಯ ಅಂಕಪಟ್ಟಿ. ಅಮೆರಿಕದಲ್ಲಿ ಹೈಸ್ಕೂಲು ಒಂಬತ್ತರಿಂದ ಹನ್ನೆರಡರವರೆಗೆ. ವರ್ಷವಿಡೀ ಕಲಿತು ಪಾಸಾದ ಒಂದು ವಿಷಯಕ್ಕೆ ಒಂದು ಕ್ರೆಡಿಟ್. ಟೆಕ್ಸಸ್‌ನ ಬಹುತೇಕ ಮಕ್ಕಳು ಹಿಡಿಯುವ ದಾರಿಯಲ್ಲಿ ಡಿಪ್ಲೊಮಾಕ್ಕೆ, ಅಂದರೆ ಹೈಸ್ಕೂಲು ಮುಗಿಸಿದ ಪ್ರಮಾಣಪತ್ರಕ್ಕೆ, 26 ಕ್ರೆಡಿಟ್ ಬೇಕು. ಒಂಬತ್ತರ ಅಂಕಪಟ್ಟಿ ಇಲ್ಲದಿದ್ದರೆ ಒಂದು ವರ್ಷದ ಕ್ರೆಡಿಟ್‌ಗಳೇ ಲೆಕ್ಕಕ್ಕೆ ಬಾರದೆ ಹೋಗಬಹುದು. ಎರಡೂ ವರ್ಷಗಳ ಅಂಕಪಟ್ಟಿಗಳನ್ನು ಈಗಿನ ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಮೊಹರಿನೊಂದಿಗೆ ಇಂಗ್ಲಿಷಿನಲ್ಲಿ ಪಡೆಯಿರಿ. ಪಠ್ಯಕ್ರಮದ ಪ್ರತಿ, ಲಸಿಕೆಗಳ ದಾಖಲೆ, ಜನನ ಪ್ರಮಾಣಪತ್ರವೂ ಜೊತೆಗಿರಲಿ. ನಮ್ಮಲ್ಲಿ ಹಲವರಿಗೆ ಸರ್‌ನೇಮ್ ಇರುವುದಿಲ್ಲ, ಇನಿಷಿಯಲ್ ಮಾತ್ರ. ಪಾಸ್‌ಪೋರ್ಟಿನಲ್ಲೂ ಅಂಕಪಟ್ಟಿಯಲ್ಲೂ ಹೆಸರು ಒಂದೇ ಬಗೆಯಲ್ಲಿದೆಯೇ ಎಂದು ಈಗಲೇ ನೋಡಿಕೊಳ್ಳಿ.

ಖಾಸಗಿ ಶಾಲೆಯ ಅಗತ್ಯ ನಿಮಗಿಲ್ಲವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಡಿಸ್ಟ್ರಿಕ್ಟ್‌ನೊಳಗೆ ವಾಸವಿದ್ದರೆ ಸರ್ಕಾರಿ ಶಾಲೆಯಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಒಂದು ಎಚ್ಚರಿಕೆ. 1997ರ ಟೆಕ್ಸಸ್ ಕಾನೂನಿನಂತೆ ಪ್ರತಿ ಹೈಸ್ಕೂಲಿನ ಮೊದಲ ಶೇ. 10ರಷ್ಟು ಮಕ್ಕಳಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶವುಂಟು. ಬೇಡಿಕೆ ಅತಿಯಾದ ಆಸ್ಟಿನ್‌ನ ವಿಶ್ವವಿದ್ಯಾಲಯ ಮಾತ್ರ ಆ ಮಿತಿಯನ್ನು 2026ರ ಪ್ರವೇಶಕ್ಕೆ ಶೇ. 5ಕ್ಕೆ ಇಳಿಸಿದೆ. ಪೈಪೋಟಿ ಸ್ವಂತ ಶಾಲೆಯ ಸಹಪಾಠಿಗಳೊಂದಿಗೇ ಆದ್ದರಿಂದ, ಜಾಣ ಮಕ್ಕಳು ತುಂಬಿರುವ ಶಾಲೆಯಲ್ಲಿ ಆ ಸಾಲಿಗೆ ಸೇರುವುದು ಕಷ್ಟ. ಹಾಸನದಲ್ಲಿ ಪಡೆದ ಅಂಕಗಳು ಈ ರ್‍ಯಾಂಕಿನ ಲೆಕ್ಕಕ್ಕೆ ಸೇರುತ್ತವೆಯೇ ಅಥವಾ ಬರೀ ಕ್ರೆಡಿಟ್ ಆಗಿ ಉಳಿಯುತ್ತವೆಯೇ ಎಂಬುದು ಡಿಸ್ಟ್ರಿಕ್ಟ್‌ನ ನಿಯಮಕ್ಕೆ ಬಿಟ್ಟದ್ದು. ಕೌನ್ಸಿಲರನ್ನು ಮೊದಲ ಸಲ ಕಂಡಾಗಲೇ ಇದನ್ನು ಕೇಳಿ, ಉತ್ತರವನ್ನು ಇಮೇಲಿನಲ್ಲಿ ಪಡೆದಿಟ್ಟುಕೊಳ್ಳಿ.