ಹೀಬ್ರೂ ಪ್ರವಾದಿಗಳ ಪುಸ್ತಕಗಳಲ್ಲಿ ಬೇರೆ ದೇಶಗಳಿಗೆ ಶಾಪ ಬಿಟ್ಟು ಬೇರೇನೂ ಇಲ್ಲವೇ?

ಬೈಬಲಿನ ಪ್ರವಾದಿ ಯೆರೆಮೀಯನ ಪುಸ್ತಕದ ಕೊನೆಯಲ್ಲಿ ಒಂದಾದ ಮೇಲೊಂದು ದೇಶಕ್ಕೆ ನಾಶದ ಮಾತು ಓದಿ ಮನಸ್ಸು ಕೆಟ್ಟಿತು ಎಂದು ಬರೆದಿದ್ದೀರಿ. ನನಗೂ ಆ ಅಧ್ಯಾಯಗಳು ಸುಲಭವಲ್ಲ. ಆದರೆ ಅಲ್ಲಿ ಇರುವುದು ಶಾಪ ಮಾತ್ರ ಅಲ್ಲ. ಆಶೆಯ ಮಾತಿಗೆ ಬರುವ ಮೊದಲು, ತೀರ್ಪು ಯಾಕೆ ಬಂತು ಅಂತ ನೋಡಬೇಕು.

ಅದಕ್ಕೆ ಪ್ರವಾದಿ ಆಮೋಸನ ಪುಸ್ತಕ ಸರಿಯಾದ ಜಾಗ. ಕ್ರಿ.ಪೂ. 8ನೇ ಶತಮಾನದವನು. ದಕ್ಷಿಣದ ಯೆಹೂದ ರಾಜ್ಯದ ತೆಕೋವ ಊರಿನವನು, ಕುರಿ ಮೇಯಿಸಿ, ಅತ್ತಿ ಮರಗಳನ್ನು ನೋಡಿಕೊಂಡು ಬದುಕುತ್ತಿದ್ದವನು. ಉತ್ತರದ ಇಸ್ರಾಯೇಲ್ ರಾಜ್ಯಕ್ಕೆ ಹೋಗಿ ಸುತ್ತಲಿನ ದೇಶಗಳ ತಪ್ಪುಗಳನ್ನು ಒಂದೊಂದಾಗಿ ಹೇಳುತ್ತಾನೆ. ದಮಸ್ಕದವರು ಇಸ್ರಾಯೇಲಿನ ಗಿಲ್ಯಾದ್ ಸೀಮೆಯನ್ನು ಕಾಳು ಒಕ್ಕುವ ಹಾಗೆ ಕಬ್ಬಿಣದಿಂದ ಒಕ್ಕಿದರು. ಗಾಜಾದವರು ಜನರನ್ನು ಗುಂಪುಗುಂಪಾಗಿ ಹಿಡಿದು ನೆರೆಯ ಎದೋಮ್ ದೇಶಕ್ಕೆ ಒಪ್ಪಿಸಿದರು. ಅಮ್ಮೋನಿಯರು ಗಡಿ ಹಿಗ್ಗಿಸಿಕೊಳ್ಳಲು ಗರ್ಭಿಣಿಯರ ಹೊಟ್ಟೆ ಸೀಳಿದರು. ಈ ಪಟ್ಟಿಯಲ್ಲಿ ಯಾರು ಯಾವ ದೇವರನ್ನು ಪೂಜಿಸಿದರು ಎಂಬ ಲೆಕ್ಕವೇ ಇಲ್ಲ. ಮನುಷ್ಯರಿಗೆ ಏನು ಮಾಡಿದರು ಎಂಬುದಷ್ಟೇ ಇದೆ.

ಮೋವಾಬಿನ ಮೇಲಿನ ಆರೋಪ ಇನ್ನೂ ವಿಶೇಷ. ಅವರು ಎದೋಮಿನ ರಾಜನ ಎಲುಬುಗಳನ್ನು ಸುಟ್ಟು ಸುಣ್ಣ ಮಾಡಿದರು. ಇದರಿಂದ ಇಸ್ರಾಯೇಲಿಗೆ ಏನು ನಷ್ಟ? ಏನೂ ಇಲ್ಲ. ಅಷ್ಟೇ ಅಲ್ಲ, ಸ್ವಲ್ಪ ಮೇಲೆ ಎದೋಮನ್ನೇ ಆಮೋಸ ಖಂಡಿಸಿದ್ದಾನೆ. ಆದರೂ ಶತ್ರುವಿನ ಹೆಣಕ್ಕೆ ಮಾಡಿದ ಅವಮಾನವನ್ನು ಅವನ ದೇವರು ಬಿಡುವುದಿಲ್ಲ. ಬರೀ ತನ್ನವರ ಪರ ನಿಲ್ಲುವ ದೇವರಾದರೆ ಈ ವಾಕ್ಯ ಬೇಕಾಗಿಯೇ ಇರಲಿಲ್ಲ, ಅಲ್ವಾ? ಆಮೇಲೆ ಯೆಹೂದ, ಕೊನೆಗೆ ಕೇಳುತ್ತಾ ಕೂತ ಇಸ್ರಾಯೇಲ್. ಒಂದು ಜೊತೆ ಚಪ್ಪಲಿಗೆ ಬಡವನನ್ನು ಮಾರಿದ್ದೀರಿ ಎನ್ನುತ್ತಾನೆ. ಎಲ್ಲರಿಗಿಂತ ಉದ್ದದ ಆರೋಪ ಅವರದೇ.

ಇನ್ನು ಆಶೆಯ ಮಾತು. ಯೆಶಾಯ 19ನೇ ಅಧ್ಯಾಯ ಶುರುವಾಗುವುದು ಐಗುಪ್ತದ (ಈಜಿಪ್ಟ್) ಮೇಲಿನ ತೀರ್ಪಿನಿಂದ, ಅದರ ನದಿ ಬತ್ತಿಹೋಗುವ ಮಾತೂ ಅಲ್ಲಿದೆ. ಮುಗಿಯುವಾಗ ಐಗುಪ್ತದಿಂದ ಅಶ್ಶೂರಕ್ಕೆ (ಅಸ್ಸೀರಿಯಾ) ಹೆದ್ದಾರಿ ಇದೆ, ಎರಡೂ ದೇಶದವರು ಜೊತೆಯಾಗಿ ಆರಾಧಿಸುತ್ತಾರೆ. ದೇವರು ಐಗುಪ್ತವನ್ನು ‘ನನ್ನ ಪ್ರಜೆ’ ಎನ್ನುತ್ತಾನೆ, ಅಶ್ಶೂರವನ್ನು ತನ್ನ ಕೈಕೆಲಸ ಎನ್ನುತ್ತಾನೆ. ಐಗುಪ್ತ ಇಸ್ರಾಯೇಲ್ಯರನ್ನು ಗುಲಾಮರಾಗಿ ದುಡಿಸಿದ ನೆಲ. ಅಶ್ಶೂರ ಕ್ರಿ.ಪೂ. 722ರ ಹೊತ್ತಿಗೆ ಇಸ್ರಾಯೇಲ್ ರಾಜ್ಯದ ರಾಜಧಾನಿ ಸಮಾರ್ಯವನ್ನು ಮುಗಿಸಿ, 701ರಲ್ಲಿ ಯೆಹೂದದ ಊರುಗಳನ್ನು ಹಿಡಿದ ಸಾಮ್ರಾಜ್ಯ. ಈ ಸಾಲುಗಳು ಯೆಶಾಯನ ನಂತರದ ಕಾಲದವು ಎನ್ನುವ ವಿದ್ವಾಂಸರೂ ಇದ್ದಾರೆ. ಇರಬಹುದು. ಯಾರೇ ಬರೆದಿರಲಿ, ಇಷ್ಟು ಪೆಟ್ಟು ತಿಂದ ಜನರ ಪುಸ್ತಕದಲ್ಲಿ ಈ ಆಶೀರ್ವಾದ ಉಳಿದಿದೆ ಎನ್ನುವುದೇ ನನಗೆ ದೊಡ್ಡದು. ಪ್ರತಿ ಸಲ ಓದಿದಾಗಲೂ ಅಲ್ಲೇ ನಿಂತುಬಿಡುತ್ತೇನೆ.

ನಿಮ್ಮ ಯೆರೆಮೀಯನಿಗೇ ಬಂದರೆ, ಮೋವಾಬ್, ಅಮ್ಮೋನ್, ಏಲಾಮ್ ಮೂರರ ಮಾತೂ ಅವರ ಬದುಕನ್ನು ಮತ್ತೆ ಮೊದಲಿನಂತೆ ಮಾಡುತ್ತೇನೆ ಎಂಬ ವಾಗ್ದಾನದಲ್ಲಿ ಮುಗಿಯುತ್ತದೆ. ಒಂದೇ ಒಂದು ಸಾಲು, ಸುಮ್ನೆ ಓದುತ್ತಾ ಹೋದರೆ ಕಣ್ಣಿಗೆ ಬೀಳುವುದೇ ಇಲ್ಲ. ಮೋವಾಬಿಗಾಗಿ ಅಳುವ ದನಿಯೂ 48ನೇ ಅಧ್ಯಾಯದಲ್ಲಿ ಕೇಳಿಸುತ್ತದೆ.

ಎಲ್ಲ ಕಡೆ ಹೀಗಿಲ್ಲ. ಪ್ರವಾದಿ ನಹೂಮ ಅಶ್ಶೂರದ ರಾಜಧಾನಿ ನಿನೆವೆಯ ಪತನವನ್ನು ಸಂಭ್ರಮಿಸುತ್ತಾನೆ, ಆ ಊರಿಗೆ ಒಂದು ಆಶೆಯ ಮಾತನ್ನೂ ಉಳಿಸುವುದಿಲ್ಲ. ಓಬದ್ಯನೂ ಎದೋಮಿನ ಮೇಲೆ ಹಾಗೆಯೇ. ಅದನ್ನು ಮೆತ್ತಗೆ ಮಾಡಿ ಹೇಳಲು ನನಗೆ ಇಷ್ಟವಿಲ್ಲ. ಮನೆ ಸುಟ್ಟುಹೋದವರ ಕೂಗು ಅದು. ಆದರೆ ಅದೇ ನಿನೆವೆಯನ್ನು ದೇವರು ಕ್ಷಮಿಸಿದ ಯೋನನ ಕಥೆಯನ್ನೂ ಅದೇ ಜನ ಅದೇ ಸಂಗ್ರಹದಲ್ಲಿ ಇಟ್ಟುಕೊಂಡರು. ಒಂದನ್ನು ಉಳಿಸಲು ಇನ್ನೊಂದನ್ನು ತೆಗೆದುಹಾಕಲಿಲ್ಲ.

ಮತ್ತೆ ಓದುವುದಾದರೆ ಆಮೋಸನ ಮೊದಲ ಎರಡು ಅಧ್ಯಾಯ, ಆಮೇಲೆ ಯೆಶಾಯ 19, ಆಮೇಲೆ ಯೋನ. ಯೆರೆಮೀಯ 46ರಿಂದ 51 ಕೊನೆಗೆ ಇರಲಿ. ಅಲ್ಲಿ ಬಾಬೆಲಿನ (ಬ್ಯಾಬಿಲೋನ್) ಭಾಗವೇ ಜಾಸ್ತಿ ಉದ್ದ, ಅದನ್ನು ಬೇರೆ ದಿನ ಓದಿ.