45 ಸಾವಿರಕ್ಕೆ ಯಾವ ಡ್ರೋನ್ ಅನ್ನುವುದಕ್ಕಿಂತ ಮೊದಲು, ಎಷ್ಟು ಬ್ಯಾಟರಿ ಅಂತ ಕೇಳಿ

ನಿಮ್ಮ ಪ್ರಶ್ನೆ ಓದಿದಾಗ 2021ರಲ್ಲಿ ನಾನೇ ಬರೆದದ್ದೇನೋ ಅನ್ನಿಸಿತು. ಕೈಯಲ್ಲಿ 45 ಸಾವಿರ ಇದೆ, ಕುದುರೆಮುಖ ಹತ್ತಬೇಕು, ಉಡುಪಿ ಕಡೆಯ ಬೀಚುಗಳನ್ನು ಮೇಲಿನಿಂದ ತೆಗೆಯಬೇಕು, ಮುಂದಿನ ತಿಂಗಳು ಭಾವ ದುಬೈಯಿಂದ ಬರುತ್ತಾರೆ, ಒಳ್ಳೆಯ ಕ್ಯಾಮೆರಾ ಇರುವ ಡ್ರೋನ್ ಯಾವುದು ಹೇಳಿ. ಇಷ್ಟೇ ಅಲ್ವಾ? ನಾನೂ ಕ್ಯಾಮೆರಾ ನೋಡಿಯೇ ತೆಗೆದುಕೊಂಡೆ. ಮೂರನೇ ತಿಂಗಳಿಗೆ ಅದು ಸ್ವರ್ಣಾ ನದಿಯ ಕೆಸರಿನಲ್ಲಿತ್ತು.

ಆಗ ನನ್ನ ಮುಂದೆ ಎರಡು ಇದ್ದವು. ಡಿಜೆಐ ಕಂಪನಿಯ ಮಿನಿ 2 ಮತ್ತು ಮಿನಿ ಎಸ್ಇ. ಎರಡೂ 249 ಗ್ರಾಂ ಒಳಗಿನವು, ಎರಡಕ್ಕೂ ಮೂರು ಅಕ್ಷದ ಗಿಂಬಲ್ (ಕ್ಯಾಮೆರಾ ಅಲುಗದಂತೆ ಹಿಡಿಯುವ ಸಾಧನ) ಇತ್ತು. ಮಿನಿ 2 ಅಂದರೆ 4ಕೆ ವಿಡಿಯೋ, ಎಸ್ಇ ಅಂದರೆ ಅದಕ್ಕಿಂತ ಸ್ಪಷ್ಟತೆ ಕಮ್ಮಿ ಇರುವ 2.7ಕೆ. ನನ್ನ ದುಡ್ಡಿಗೆ ಒಂದೇ ಬ್ಯಾಟರಿ ಇರುವ ಮಿನಿ 2 ಬರುತ್ತಿತ್ತು, ಇಲ್ಲವೇ ಮೂರು ಬ್ಯಾಟರಿ ಇರುವ ಎಸ್ಇ. ನಾನು 4ಕೆ ಆರಿಸಿದೆ. ಬ್ಯಾಟರಿ ಆಮೇಲೆ ತಗೊಂಡರಾಯ್ತು ಅಂದುಕೊಂಡೆ. ನಾನು ಮಾಡಿದ ತಪ್ಪು ಇದೊಂದೇ. ಉಳಿದದ್ದೆಲ್ಲ ಇದರ ಬಾಲ ಹಿಡಿದುಕೊಂಡು ಬಂತು. ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ತಾಳ್ಮೆಯಿಂದ ಓದಿ.

2022ರ ಫೆಬ್ರವರಿ, ಒಂದು ಭಾನುವಾರ. ಅಮ್ಮನನ್ನು ಕರೆದುಕೊಂಡು ಉಡುಪಿ ಕಡೆಯ ಕೋಡಿ ಬೆಂಗ್ರೆಗೆ ಹೋಗಿದ್ದೆ. ಜಾಗ ನಿಮಗೆ ಗೊತ್ತಿರಬಹುದು. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ನದಿ, ನಡುವೆ ಉದ್ದಕ್ಕೆ ಚಾಚಿದ ಮರಳಿನ ಪಟ್ಟಿ, ಅದರ ತುದಿಯಲ್ಲಿ ನದಿ ಕಡಲು ಸೇರುವ ಅಳಿವೆ. ನದಿಯ ಒಳಗಡೆ ಅಲ್ಲಲ್ಲಿ ಕುದ್ರುಗಳು, ಅಂದರೆ ಸಣ್ಣ ದ್ವೀಪಗಳು. ಅಮ್ಮ ಹುಟ್ಟಿದ್ದು ಅಂಥ ಒಂದು ಕುದ್ರುವಿನಲ್ಲಿ. ಅಜ್ಜಿ ತೀರಿಕೊಂಡ ಮೇಲೆ ಮನೆ ಮಾರಿದರು. ಆಮೇಲೆ ಅಮ್ಮ ಆ ಕಡೆ ಹೋಗಿರಲಿಲ್ಲ.

ಸಂಜೆ ನಾಲ್ಕು ಗಂಟೆ ಹೊತ್ತಿಗೆ ಹಾರಿಸಿದೆ. ಮೊದಲ ಹತ್ತು ನಿಮಿಷ ಅಲೆ, ದೋಣಿ, ಅಳಿವೆ ಬಾಗಿಲು ತೆಗೆದೆ. ಬ್ಯಾಟರಿ ಶೇಕಡಾ 62ಕ್ಕೆ ಇಳಿದಿತ್ತು. ಅಮ್ಮ ಪಕ್ಕದಲ್ಲೇ ನಿಂತು, ಸೆರಗಿನಿಂದ ಮೊಬೈಲ್ ಪರದೆಗೆ ನೆರಳು ಹಿಡಿದು ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಕೇಳಿದರು, "ಇದು ನಮ್ಮ ಕುದ್ರುವಿನವರೆಗೆ ಹೋಗ್ತದಾ ಮಗಾ?"

ಇನ್ನೊಂದು ಬ್ಯಾಟರಿ ಇದ್ದಿದ್ದರೆ ನಾನು ಏನು ಮಾಡುತ್ತಿದ್ದೆ ಹೇಳಿ. ಕೆಳಗಿಳಿಸಿ, ಬ್ಯಾಟರಿ ಬದಲಾಯಿಸಿ, ಕಾರಿನಲ್ಲಿ ನದಿಯ ಆ ದಡಕ್ಕೆ ಹೋಗಿ, ಹತ್ತಿರದಿಂದ ಹಾರಿಸುತ್ತಿದ್ದೆ. ಒಂದೇ ಬ್ಯಾಟರಿ ಇದ್ದವನಿಗೆ ಆ ಯೋಚನೆಯೇ ಬರುವುದಿಲ್ಲ. ಈಗ ಇಳಿಸಿದರೆ ಇವತ್ತಿಗೆ ಮುಗಿಯಿತು ಅನ್ನುವುದೊಂದೇ ತಲೆಯಲ್ಲಿ ಇರುತ್ತದೆ. ಹೂಂ ಅಂದೆ. ಡ್ರೋನ್ ಮೂತಿಯನ್ನು ಪೂರ್ವಕ್ಕೆ ತಿರುಗಿಸಿದೆ.

ಹೋಗುವಾಗ ಏನೂ ಗೊತ್ತಾಗಲಿಲ್ಲ. ನೀರಿನ ಮೇಲೆ ಜಾರಿದ ಹಾಗೆ ಹೋಯಿತು. ಎರಡು ನಿಮಿಷದೊಳಗೆ 1,100 ಮೀಟರ್. ಅಷ್ಟು ದೂರದಲ್ಲಿ 249 ಗ್ರಾಂ ಡ್ರೋನ್ ಕಣ್ಣಿಗೆ ಕಾಣುವುದೇ ಇಲ್ಲ, ಮುನ್ನೂರು ಮೀಟರ್ ದಾಟಿದರೆ ಆಕಾಶದಲ್ಲಿ ಹುಡುಕಬೇಕು. ಕಣ್ಣಳತೆಯಲ್ಲೇ ಹಾರಿಸಬೇಕು ಅನ್ನುವ ನಿಯಮ ಇದೆ, ಅದನ್ನು ನಾನು ಮುರಿದಿದ್ದೆ. ಆದರೆ ಪರದೆಯಲ್ಲಿ ಹಂಚಿನ ಮಾಡು ಕಂಡಾಗ ಅಮ್ಮನ ಕೈ ನನ್ನ ತೋಳನ್ನು ಹಿಡಿಯಿತು. "ಬಾವಿ ಉಂಟು, ನೋಡು. ಹಲಸಿನ ಮರ ಕಡಿದಿದ್ದಾರೆ. ಸ್ವಲ್ಪ ಬಲಕ್ಕೆ, ದೋಣಿ ಕಟ್ಟುವ ದಕ್ಕೆಯ ಹತ್ತಿರ." ನಾನು ಸುತ್ತಿಸಿದೆ. ಮೂರು ನಿಮಿಷ ಹೋಯಿತು. ಗಾಳಿ ಜಾಸ್ತಿ ಇದೆ ಅಂತ ಎಚ್ಚರಿಕೆ ಬಂತು, ಒರೆಸಿ ಹಾಕಿದೆ. ಬ್ಯಾಟರಿ 42ಕ್ಕೆ ಬಂದಾಗ ಸಾಕು ಅಂತ, ಹೊರಟ ಜಾಗಕ್ಕೆ ತಾನಾಗಿ ವಾಪಸ್ ಬರಿಸುವ ರಿಟರ್ನ್ ಟು ಹೋಮ್ ಬಟನ್ ಒತ್ತಿದೆ.

ಇಲ್ಲಿ ಎರಡು ವಿಷಯ ನನಗೆ ಗೊತ್ತಿರಲಿಲ್ಲ. ಕರಾವಳಿಯಲ್ಲಿ ಬಿಸಿಲೇರಿದ ಮೇಲೆ ನೆಲ ಬೇಗ ಕಾಯುತ್ತದೆ, ಕಡಲು ತಂಪಾಗಿರುತ್ತದೆ, ಗಾಳಿ ಕಡಲಿನಿಂದ ನೆಲಕ್ಕೆ ಬೀಸುತ್ತದೆ. ಶಾಲೆಯಲ್ಲಿ ಓದಿದ್ದೇ. ನಾಲ್ಕು ಗಂಟೆಗೆ ಅದು ಜೋರಾಗಿರುತ್ತದೆ. ಡ್ರೋನನ್ನು ಪೂರ್ವಕ್ಕೆ ಕೊಂಡೊಯ್ದದ್ದರಲ್ಲಿ ಆ ಗಾಳಿಯದೂ ಪಾಲಿತ್ತು. ವಾಪಸ್ ಬರುವುದು ಅದರ ಎದುರಿಗೆ.

ಇನ್ನೊಂದು, ರಿಟರ್ನ್ ಎತ್ತರ. ಬಟನ್ ಒತ್ತಿದಾಗ ಡ್ರೋನ್ ನೇರ ಬರುವುದಿಲ್ಲ. ನಾವು ಮೊದಲೇ ಇಟ್ಟ ಎತ್ತರಕ್ಕೆ ಏರಿ ಆಮೇಲೆ ಹೊರಡುತ್ತದೆ. ಗುಡ್ಡಗಳಿಗೆ ಬೇಕಾದೀತು ಅಂತ ನಾನು 100 ಮೀಟರ್ ಇಟ್ಟಿದ್ದೆ. 60 ಮೀಟರ್‌ನಲ್ಲಿ ಇದ್ದದ್ದು 100ಕ್ಕೆ ಏರಿತು. ಎತ್ತರಕ್ಕೆ ಹೋದಷ್ಟೂ ಗಾಳಿ ಜೋರು. ಪರದೆಯಲ್ಲಿ ವೇಗ ನೋಡಿದರೆ ಸೆಕೆಂಡಿಗೆ 3 ಮೀಟರ್. ಲೆಕ್ಕ ಹಾಕಿ: 1,100 ಮೀಟರ್ ಬರಲು ಆರು ನಿಮಿಷ ಬೇಕು. ಗಾಳಿಯ ಏಟು ಬಂದಾಗ ಅದು 1ಕ್ಕೆ ಇಳಿಯುತ್ತಿತ್ತು. ಡ್ರೋನ್ ಮುಂದಕ್ಕೆ ಬಾಗಿ, ನಾಲ್ಕೂ ಮೋಟಾರು ಪೂರ್ತಿ ತಿರುಗಿಸಿ ನಿಂತಲ್ಲೇ ನಿಂತ ಹಾಗೆ ಇರುವಾಗ ಬ್ಯಾಟರಿ ಹೇಗೆ ಇಳಿಯುತ್ತದೆ ಅಂತ ನೋಡಿದವರಿಗೇ ಗೊತ್ತು. ಪೆಟ್ಟಿಗೆಯ ಮೇಲೆ 31 ನಿಮಿಷ ಅಂತ ಇರುತ್ತದೆ. ಅದು ಗಾಳಿಯೇ ಇಲ್ಲದಾಗಿನ ಲೆಕ್ಕ. ನಮ್ಮ ಕಡಲ ಬದಿಯಲ್ಲಿ 20, 22 ಅಂತ ಇಟ್ಟುಕೊಳ್ಳಿ.

ಆಗ ಮಾಡಬೇಕಿದ್ದದ್ದು ಸುಲಭ. ರಿಟರ್ನ್ ರದ್ದು ಮಾಡಿ, ತೆಂಗಿನ ಮರಗಳಿಗಿಂತ ಸ್ವಲ್ಪವೇ ಮೇಲಿನ ಎತ್ತರಕ್ಕೆ ಇಳಿಸಿ, ಹೆಚ್ಚು ವೇಗದ ಸ್ಪೋರ್ಟ್ ಮೋಡ್‌ಗೆ ಹಾಕಿ ಓಡಿಸಬೇಕಿತ್ತು. ಕೆಳಗೆ ಗಾಳಿ ಕಮ್ಮಿ, ಸ್ಪೋರ್ಟ್‌ನಲ್ಲಿ ಡ್ರೋನ್ ಇನ್ನೂ ಜಾಸ್ತಿ ಬಾಗಿ ಗಾಳಿಯನ್ನು ಸೀಳುತ್ತದೆ. ನನಗೆ ಇದು ಹೊಳೆದದ್ದು ಬ್ಯಾಟರಿ 18 ಆದಾಗ. ಕೊನೆಗೆ ಬ್ಯಾಟರಿ 10ರ ಆಸುಪಾಸಿಗೆ ಬಂದಾಗ ಅದು ತಾನಾಗಿ ಇಳಿಯಲು ಶುರು ಮಾಡಿತು. ನಮ್ಮಿಂದ ಬರೀ 250 ಮೀಟರ್ ದೂರ, ಹೊಳೆಯ ನಡುವೆ. ಪರದೆಯಲ್ಲಿ ನೀರು ಹತ್ತಿರ, ಹತ್ತಿರ ಬಂತು. ಆಮೇಲೆ ಚಿತ್ರ ನಿಂತಿತು.

ಅಮ್ಮ ಒಂದು ಮಾತೂ ಆಡಲಿಲ್ಲ. ದೋಣಿಯ ಅಜ್ಜ ಒಬ್ಬರು ನಮ್ಮನ್ನು ಕರೆದುಕೊಂಡು ಹೋಗಿ ಕತ್ತಲಾಗುವವರೆಗೂ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲೆಲ್ಲ ಹುಡುಕಿಸಿದರು. ಅವರು ಹೇಳಿದ್ದು ಈಗಲೂ ಕಿವಿಯಲ್ಲಿದೆ: "ಮಧ್ಯಾಹ್ನ ಕಳೆದ ಮೇಲೆ ಗಾಳಿ ಕಡಲಿನದ್ದು ಮಾರಾಯಾ. ಬೆಳಿಗ್ಗೆ ಘಟ್ಟದ್ದು. ಕೇಳಿ ಬಿಡಬಾರದಿತ್ತಾ?" ಮರುದಿನ ಇಳಿತದ ಹೊತ್ತಿಗೆ ಮರುವಾಯಿ ಚಿಪ್ಪು ಹೆಕ್ಕುವ ಹೆಂಗಸರಿಗೆ ಅದು ಸಿಕ್ಕಿತು. ಕ್ಯಾಮೆರಾದ ಗಾಜಿನ ಒಳಗೆ ಕಪ್ಪು ಕೆಸರು, ಒಂದು ರೆಕ್ಕೆಗೆ ಬಲೆಯ ನೈಲಾನ್ ಎಳೆ ಸುತ್ತಿಕೊಂಡಿತ್ತು. ಉಪ್ಪುನೀರು ಹೊಕ್ಕ ಬೋರ್ಡ್ ಮತ್ತೆ ಎದ್ದೇಳಲಿಲ್ಲ. ಮೆಮೊರಿ ಕಾರ್ಡ್ ಸಿಹಿನೀರಲ್ಲಿ ತೊಳೆದು ಒಣಗಿಸಿದೆ. ಅಲೆಗಳ ವಿಡಿಯೋ ಎಲ್ಲ ಇತ್ತು. ಕುದ್ರುವಿನ ಫೈಲ್ ತೆರೆಯಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರೋಣ.

ಭಾವನ ಹತ್ತಿರ ತರಿಸಬೇಡಿ. ನನ್ನದು ನೀರಿಗೆ ಬಿದ್ದ ಅದೇ ತಿಂಗಳು, 2022ರ ಫೆಬ್ರವರಿ 9ಕ್ಕೆ, ಕೇಂದ್ರ ಸರ್ಕಾರ ಡ್ರೋನ್ ಆಮದು ನಿಷೇಧಿಸಿತು. ಸಂಶೋಧನೆ, ರಕ್ಷಣೆ, ಭದ್ರತೆಗೆ ಮಾತ್ರ ವಿನಾಯಿತಿ. ಲಗೇಜಿನಲ್ಲಿ ತಂದರೆ ಕಸ್ಟಮ್ಸ್‌ಗೆ ತಿಳಿಸಲೇಬೇಕು, ತಿಳಿಸಿದರೆ ವಶಪಡಿಸಿಕೊಳ್ಳಬಹುದು, ಬಚ್ಚಿಟ್ಟು ಸಿಕ್ಕಿಬಿದ್ದರೆ ಇನ್ನೂ ಕಷ್ಟ. ರಜೆಗೆ ಮನೆಗೆ ಬರುವ ಮನುಷ್ಯನನ್ನು ಬಜ್ಪೆ ವಿಮಾನ ನಿಲ್ದಾಣದಲ್ಲಿ ಆ ಫಜೀತಿಗೆ ಯಾಕೆ ಸಿಕ್ಕಿಸಬೇಕು?

ಕುದುರೆಮುಖಕ್ಕೂ ಡ್ರೋನ್ ಬೇಡ. ಅದು ರಾಷ್ಟ್ರೀಯ ಉದ್ಯಾನ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಕೊಡಚಾದ್ರಿ ಮೂಕಾಂಬಿಕಾ ಅಭಯಾರಣ್ಯದೊಳಗೆ ಬರುತ್ತದೆ. ಆಗುಂಬೆ ಕೆಳಗೆ ಸೋಮೇಶ್ವರ ಅಭಯಾರಣ್ಯ. ಅಂದರೆ ನಮ್ಮವರು ಚಾರಣ ಅಂತ ಹೋಗುವ ಹೆಚ್ಚಿನ ಜಾಗಗಳಲ್ಲಿ ಅದು ಚೀಲದಲ್ಲೇ ಇರಬೇಕು. "ಯಾರೂ ನೋಡೋದಿಲ್ಲ" ಅನ್ನುವವರ ಮಾತು ಕೇಳಬೇಡಿ. ಆ ಹುಲ್ಲುಗಾವಲಿನ ಮೇಲೆ ಅದರ ಸದ್ದು ಒಂದು ಗುಡ್ಡದಿಂದ ಇನ್ನೊಂದಕ್ಕೆ ಕೇಳಿಸುತ್ತದೆ, ಸಿಂಗಳೀಕಗಳು ಬದುಕುವ ಕಾಡು ಅದು. ಚಾರಣಕ್ಕೆ ಅಂತಲೇ ಡ್ರೋನ್ ಕೊಳ್ಳುವುದಾದರೆ ಈ ಜಿಲ್ಲೆಗಳಲ್ಲಿ ಕೊಳ್ಳಲೇಬೇಡಿ. ಇದು ನನ್ನ ಖಚಿತ ಅಭಿಪ್ರಾಯ. ಆ ದುಡ್ಡಿಗೆ ಒಳ್ಳೆಯ ಶೂ, ಮಳೆಕೋಟು ತಗೊಳ್ಳಿ.

ಕಡಲತೀರ, ಹೊಳೆ, ಗದ್ದೆ ತೆಗೆಯಬೇಕು ಅಂತಿದ್ದರೆ ಮಾತು ಬೇರೆ. 250 ಗ್ರಾಂ ಒಳಗಿನದ್ದನ್ನೇ ನೋಡಿ. 2021ರ ಡ್ರೋನ್ ನಿಯಮಗಳಲ್ಲಿ ಇದು ನ್ಯಾನೋ ವರ್ಗ, ಪೈಲಟ್ ಲೈಸೆನ್ಸ್ ಬೇಕಿಲ್ಲ. ಆದರೆ ಜಾಗದ ನಿಯಮ ಎಲ್ಲರಿಗೂ ಒಂದೇ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಹಸಿರು ಇದ್ದರೆ 400 ಅಡಿವರೆಗೆ ಹಾರಿಸಬಹುದು. ವಿಮಾನ ನಿಲ್ದಾಣದ ಬೇಲಿಯಿಂದ 8ರಿಂದ 12 ಕಿ.ಮೀ. ನಡುವೆ 200 ಅಡಿ ಮಾತ್ರ. ಅದಕ್ಕಿಂತ ಹತ್ತಿರ ಸುಮ್ನೆ ಹಾರಿಸಲು ಹೋಗಬೇಡಿ. ಮಂಗಳೂರಿನ ಹಂಪನಕಟ್ಟೆ, ಪಣಂಬೂರು, ಸುರತ್ಕಲ್ ಎಲ್ಲವೂ ಆ 12 ಕಿ.ಮೀ. ಒಳಗೇ ಇವೆ. ಜೊತೆಗೆ ಬಂದರು, ರಿಫೈನರಿ ಬೇರೆ. ಅದಕ್ಕೇ ನಾನು ಮಂಗಳೂರಿನಲ್ಲಿ ಹೊರಗೆ ತೆಗೆಯುವುದೇ ಇಲ್ಲ, ಉಡುಪಿಯಿಂದ ಉತ್ತರಕ್ಕೆ ಹೋಗುತ್ತೇನೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಸೌಪರ್ಣಿಕಾ, ಇನ್ನೊಂದು ಬದಿ ಕಡಲು. ಬೆಳಗಿನ ಏಳು ಗಂಟೆಗೆ ಅದನ್ನು ಮೇಲಿನಿಂದ ನೋಡಿ.

ಮಲ್ಪೆ ಮೀನು ಬಂದರಿನ ಹತ್ತಿರ ಬೇಡ. ಗರುಡ, ಹದ್ದುಗಳು ಅಲ್ಲಿ ಯಾವಾಗಲೂ ಸುತ್ತುತ್ತಿರುತ್ತವೆ, ಡ್ರೋನ್ ಕಂಡರೆ ಮೇಲೆರಗುತ್ತವೆ. ಹಕ್ಕಿಗೂ ಪೆಟ್ಟು, ನಿಮಗೂ ನಷ್ಟ.

ಆರೇಳು ಸಾವಿರಕ್ಕೆ ಸಿಗುವ "4ಕೆ" ಆಟಿಕೆಗಳನ್ನು ಮುಟ್ಟಬೇಡಿ. ಜಿಪಿಎಸ್ ಇರುವುದಿಲ್ಲ, ಗಿಂಬಲ್ ಇರುವುದಿಲ್ಲ, ಕಡಲ ಗಾಳಿಗೆ ಎಲೆಯ ಹಾಗೆ ಹೋಗುತ್ತವೆ. ಅಂಗೈಯಿಂದಲೇ ಹಾರುವ 135 ಗ್ರಾಂನ ಪುಟ್ಟವು ಅಂಗಳದಲ್ಲಿ ಮಕ್ಕಳ ಹಿಂದೆ ಓಡಲು ಚಂದ, ನಮ್ಮ ಗಾಳಿಗೆ ಅಷ್ಟು ತೂಕ ಸಾಲದು.

ಉಳಿದದ್ದು ಇಲ್ಲೇ ಜೋಡಿಸಿ ಮಾರುವವು, ಇಲ್ಲವೇ ನಿಷೇಧಕ್ಕೆ ಮೊದಲೇ ಬಂದ ಸೆಕೆಂಡ್ ಹ್ಯಾಂಡ್. ನಾನು ಸೆಕೆಂಡ್ ಹ್ಯಾಂಡ್ ದಾರಿ ಹಿಡಿದೆ. ಬಿಲ್ ಕೇಳಿ ಪಡೆದೆ. ಹಳೆಯ ಮಾಲೀಕರ ಖಾತೆಯಿಂದ ಡ್ರೋನನ್ನು ನನ್ನೆದುರೇ ಬಿಡಿಸಿಕೊಂಡೆ, ಇಲ್ಲದಿದ್ದರೆ ಮುಂದೆ ತೊಂದರೆ. ಪ್ರತಿ ಬ್ಯಾಟರಿ ಎಷ್ಟು ಸಲ ಚಾರ್ಜ್ ಆಗಿದೆ ಅಂತ ಆ್ಯಪಿನಲ್ಲಿ ನೋಡಿದೆ, ಮೈ ಉಬ್ಬಿದೆಯಾ ಅಂತ ಬೆರಳಾಡಿಸಿ ನೋಡಿದೆ. ಬ್ಯಾಟರಿ ಮೂರು ಇದ್ದವು. ಆ ಸಲ ವ್ಯಾಪಾರ ಕುದುರಿಸಿದ್ದು ಅದೊಂದೇ ಕಾರಣಕ್ಕೆ. ಡ್ರೋನ್ ಯಾವುದು ಗೊತ್ತಾ? ಮಿನಿ ಎಸ್ಇ. 2021ರಲ್ಲಿ ನಾನು ಬೇಡ ಅಂದಿದ್ದ ಅದೇ 2.7ಕೆ. ಅದರ ವಿಡಿಯೋ ಮನೆಯ ಟಿವಿಯಲ್ಲಿ ಹಾಕಿದರೆ ವ್ಯತ್ಯಾಸ ಇಲ್ಲಿಯವರೆಗೆ ಯಾರೂ ಹೇಳಿಲ್ಲ.

ಅಮ್ಮನನ್ನು ಮತ್ತೆ ಕರೆದುಕೊಂಡು ಹೋದೆ. ಈ ಸಲ ನದಿಯ ಆ ದಡಕ್ಕೆ, ಬೆಳಿಗ್ಗೆ ಏಳಕ್ಕೆ. ಈಗಿನ ಮನೆಯವರಿಗೆ ಮೊದಲೇ ಫೋನ್ ಮಾಡಿ ಕೇಳಿದ್ದೆ, ಅವರ ಅಂಗಳದ ಮೇಲೆ ಹಾರುವುದು ತಾನೆ. ರಿಟರ್ನ್ ಎತ್ತರ 40 ಮೀಟರ್ ಇಟ್ಟೆ. ಗಾಳಿ ಘಟ್ಟದ ಕಡೆಯಿಂದ ತಣ್ಣಗೆ ಬರುತ್ತಿತ್ತು. ಈ ಸಲವೂ ವಾಪಸ್ ಬರುವುದು ಅದರ ಎದುರಿಗೇ, ಆದರೆ ದೂರ ಕಮ್ಮಿ. ಮೊದಲ ಬ್ಯಾಟರಿ 45 ಇರುವಾಗಲೇ ಇಳಿಸಿದೆ. ಅಮ್ಮ "ಮುಗಿಯಿತಾ?" ಅಂದರು. ಇಲ್ಲಮ್ಮ, ಇನ್ನೆರಡು ಉಂಟು ಅಂದೆ. ಎರಡನೆಯದರಲ್ಲಿ ದಕ್ಕೆ, ಬಾವಿ, ಅಜ್ಜಿ ಭತ್ತ ಒಣಗಿಸುತ್ತಿದ್ದ ಜಾಗ ಎಲ್ಲ ನಿಧಾನಕ್ಕೆ ತೋರಿಸಿದೆ. ಕಡಿದ ಹಲಸಿನ ಬುಡದಲ್ಲಿ ಹೊಸ ಚಿಗುರು ಇತ್ತು. ಅಮ್ಮ ಅದನ್ನು ಇನ್ನೊಮ್ಮೆ ತೋರಿಸು ಅಂದರು. ಮೂರನೇ ಬ್ಯಾಟರಿ ಪೂರ್ತಿ ಅದಕ್ಕೇ ಹೋಯಿತು.